ಡ್ರೈವಿಂಗ್ ಲೈಸೆನ್ಸ್ ಇದ್ದರೆ ಪುಟ್ಟ ವಿಮಾನ ಹಾರಿಸಬಹುದಾ? ಬೇಸಿಕ್‌ಮೆಡ್ ಮಾಡಿಸಿಕೊಳ್ಳುವ ಕ್ರಮ

2023ರಲ್ಲಿ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ನಮ್ಮ ಶಿವಮೊಗ್ಗ ಕಡೆ ವಿಮಾನದ ಮಾತು ಜಾಸ್ತಿಯಾಗಿದೆ. ನಾನು ತೀರ್ಥಹಳ್ಳಿ ಕಡೆಯವನು, ಅಮೆರಿಕದಲ್ಲಿ ಖಾಸಗಿ ಪೈಲಟ್. ರಜೆಗೆ ಊರಿಗೆ ಬಂದಾಗಲೂ ಅದೇ ಪ್ರಶ್ನೆ, ಅಲ್ಲಿರುವ ನಮ್ಮ ಮಲೆನಾಡಿನವರು ಫೋನ್ ಮಾಡಿದರೂ ಅದೇ ಪ್ರಶ್ನೆ. "ಅಮೆರಿಕದಲ್ಲಿ ಮೆಡಿಕಲ್ ಸರ್ಟಿಫಿಕೇಟ್ ಬೇಡವಂತೆ, ಡ್ರೈವಿಂಗ್ ಲೈಸೆನ್ಸ್ ಇದ್ದರೆ ಸಾಕಂತೆ, ಹೌದಾ?"

ಅರ್ಧ ಹೌದು. ಉಳಿದರ್ಧ ತಿಳಿಯದೆ ಮುಂದೆ ಹೋದವರು ಸಿಕ್ಕಿಹಾಕಿಕೊಳ್ಳುತ್ತಾರೆ. ಅದಕ್ಕೇ ಒಂದೇ ಕಡೆ ಪೂರ್ತಿ ಬರೆದಿದ್ದೇನೆ. ನಾನು ಡಾಕ್ಟರ್ ಅಲ್ಲ, ನಿಮ್ಮ ಆರೋಗ್ಯದ ತೀರ್ಮಾನ ನಿಮ್ಮ ಡಾಕ್ಟರದ್ದು. ನಾನು ಹೇಳುವುದು ನಿಯಮ ಏನು, ಯಾವುದಾದ ಮೇಲೆ ಯಾವುದು, ಎಲ್ಲಿ ಎಡವುತ್ತಾರೆ ಅನ್ನುವುದು ಅಷ್ಟೇ.

ಮೊದಲು ಇದೇನು ಅಂತ ನೋಡೋಣ

ಅಮೆರಿಕದಲ್ಲಿ ವಿಮಾನಯಾನ ನೋಡಿಕೊಳ್ಳುವ ಇಲಾಖೆ ಎಫ್‌ಎಎ, ನಮ್ಮ ಡಿಜಿಸಿಎ ಇದ್ದ ಹಾಗೆ. ಖಾಸಗಿ ಪೈಲಟ್ ಅಂದರೆ ದುಡ್ಡು ತೆಗೆದುಕೊಳ್ಳದೆ ತನಗಾಗಿ, ಮನೆಯವರಿಗಾಗಿ, ಗೆಳೆಯರಿಗಾಗಿ ಹಾರಿಸುವವರು. ಹಿಂದೆ ಇವರಿಗೆಲ್ಲ ಥರ್ಡ್ ಕ್ಲಾಸ್ ಮೆಡಿಕಲ್, ಅಂದರೆ ಹಾರಿಸಲು ಆರೋಗ್ಯ ಸರಿಯಿದೆ ಅನ್ನುವ ಸರ್ಟಿಫಿಕೇಟ್ ಬೇಕಿತ್ತು. ಅದನ್ನು ಯಾವ ಡಾಕ್ಟರ್ ಬೇಕಾದರೂ ಕೊಡುವ ಹಾಗಿಲ್ಲ, ಎಫ್‌ಎಎ ನೇಮಿಸಿದ ಡಾಕ್ಟರೇ ಕೊಡಬೇಕು. ಅವರನ್ನು ಎಎಂಇ ಅನ್ನುತ್ತಾರೆ. 40 ದಾಟದವರಿಗೆ ಅದು 60 ತಿಂಗಳು ನಡೆಯುತ್ತದೆ, ದಾಟಿದವರಿಗೆ 24 ತಿಂಗಳು.

2016ರಲ್ಲಿ ಅಮೆರಿಕದ ಸಂಸತ್ತು ಒಂದು ಕಾನೂನು ಮಾಡಿ ಇನ್ನೊಂದು ದಾರಿ ತೆರೆಯಿತು. 2017ರ ಮೇ 1ರಿಂದ ಅದು ಜಾರಿಗೆ ಬಂತು. ಅದರ ಹೆಸರೇ ಬೇಸಿಕ್‌ಮೆಡ್. ಇದರಲ್ಲಿ ಎಎಂಇ ಬೇಡ, ನಿಮ್ಮ ಫ್ಯಾಮಿಲಿ ಡಾಕ್ಟರೇ ಪರೀಕ್ಷೆ ಮಾಡಬಹುದು. ಜೊತೆಗೆ ಒಂದು ಆನ್‌ಲೈನ್ ಪಾಠ, ಮತ್ತೆ ಚಾಲ್ತಿಯಲ್ಲಿರುವ ಡ್ರೈವಿಂಗ್ ಲೈಸೆನ್ಸ್. ಅಂದರೆ ಪರೀಕ್ಷೆ ಇಲ್ಲವೇ ಇಲ್ಲ ಅಂತಲ್ಲ. ಪರೀಕ್ಷೆ ಇದೆ, ಮಾಡುವವರು ಬೇರೆ, ಕಾಗದ ಇರುವ ಜಾಗ ಬೇರೆ.

ಹಂತ 1: ನಿಮಗೆ ಇದು ಸಿಗುತ್ತಾ ನೋಡಿಕೊಳ್ಳಿ

ಮೂರು ವಿಷಯ ನೋಡಬೇಕು.

ಒಂದು, ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ ಡ್ರೈವಿಂಗ್ ಲೈಸೆನ್ಸ್. ಶಿವಮೊಗ್ಗದ ಆರ್‌ಟಿಒ ಕೊಟ್ಟದ್ದು ನಡೆಯುವುದಿಲ್ಲ, ಇಂಟರ್‌ನ್ಯಾಷನಲ್ ಪರ್ಮಿಟ್ ಕೂಡ ನಡೆಯುವುದಿಲ್ಲ. ಲೈಸೆನ್ಸ್ ಮೇಲೆ "ಕನ್ನಡಕ ಹಾಕಿಕೊಂಡೇ ಓಡಿಸಬೇಕು" ಅಂತ ಇದ್ದರೆ ವಿಮಾನಕ್ಕೂ ಅದೇ ಷರತ್ತು.

ಎಚ್-1ಬಿ ವೀಸಾದಲ್ಲಿರುವವರು ಇಲ್ಲಿ ಸ್ವಲ್ಪ ನಿಲ್ಲಿ. ಬಹಳ ರಾಜ್ಯಗಳಲ್ಲಿ ನಿಮ್ಮ ಲೈಸೆನ್ಸ್ ಅವಧಿ ವೀಸಾ ಕಾಗದದ ಅವಧಿಗೆ ಕಟ್ಟಿಹಾಕಿರುತ್ತದೆ. ವಿಸ್ತರಣೆ ಬರುವುದು ತಡವಾಯಿತು, ಲೈಸೆನ್ಸ್ ಮುಗಿದುಹೋಯಿತು ಅಂದರೆ ಆ ಕ್ಷಣಕ್ಕೇ ನಿಮ್ಮ ಬೇಸಿಕ್‌ಮೆಡ್ ಕೂಡ ನಿಂತಿತು. ಡಾಕ್ಟರ್ ಕಾಗದ, ಪಾಠದ ಸರ್ಟಿಫಿಕೇಟ್ ಎಲ್ಲ ಸರಿಯಿದ್ದರೂ ಹಾರುವ ಹಾಗಿಲ್ಲ. ನಮ್ಮವರಲ್ಲಿ ಇದನ್ನು ಗಮನಿಸದವರು ತುಂಬಾ ಜನ.

ಎರಡು, 2006ರ ಜುಲೈ 14ರ ನಂತರ ಒಂದು ದಿನವಾದರೂ ನಿಮ್ಮ ಹತ್ತಿರ ಚಾಲ್ತಿಯಲ್ಲಿದ್ದ ಎಫ್‌ಎಎ ಮೆಡಿಕಲ್ ಇದ್ದಿರಬೇಕು. ಈಗ ಅದರ ಅವಧಿ ಮುಗಿದಿದ್ದರೆ ತೊಂದರೆಯಿಲ್ಲ. ಹತ್ತು ವರ್ಷದ ಹಿಂದೆ ಕಲಿಯುವಾಗ ಮಾಡಿಸಿ ಆಮೇಲೆ ಮಕ್ಕಳು, ಮನೆ, ಸಾಲ ಅಂತ ಬಿಟ್ಟವರೂ ಅದರ ಮೇಲೇ ಬರಬಹುದು. ಆದರೆ ಯಾವತ್ತೂ ಮೆಡಿಕಲ್ ಮಾಡಿಸದ ಹೊಸಬರು ಮೊದಲು ಒಂದು ಸಲ ಎಎಂಇ ಹತ್ತಿರ ಹೋಗಲೇಬೇಕು. ಅದಕ್ಕೆ ಅಡ್ಡದಾರಿ ಇಲ್ಲ.

ಮೂರು, ನಿಮ್ಮ ಕೊನೆಯ ಮೆಡಿಕಲ್ ಅನ್ನು ಎಫ್‌ಎಎ ಅಮಾನತು ಮಾಡಿರಬಾರದು, ರದ್ದು ಮಾಡಿರಬಾರದು. ಕೊನೆಯ ಅರ್ಜಿ ತಿರಸ್ಕಾರ ಆಗಿರಬಾರದು.

ಈ ಮೂರನೆಯದರ ಬಗ್ಗೆ ಸ್ವಲ್ಪ ಒತ್ತಿ ಹೇಳುತ್ತೇನೆ, ಯಾಕೆಂದರೆ ಇಲ್ಲಿ ಆದ ತಪ್ಪನ್ನು ಸರಿಮಾಡುವುದು ಬಹಳ ಕಷ್ಟ. ನಿಮ್ಮ ಹಳೆಯ ಮೆಡಿಕಲ್ ಅವಧಿ ಮುಗಿದಿದೆ ಅಂತಿಟ್ಟುಕೊಳ್ಳಿ. ಬಿಪಿ ಇದೆ, ಶುಗರ್ ಇದೆ, ಹೊಸದೇನೋ ಒಂದು ಶುರುವಾಗಿದೆ. "ಸುಮ್ನೆ ಒಂದು ಸಲ ಥರ್ಡ್ ಕ್ಲಾಸ್‌ಗೆ ಅರ್ಜಿ ಹಾಕಿ ನೋಡೋಣ, ಆಗದಿದ್ದರೆ ಬೇಸಿಕ್‌ಮೆಡ್ ಇದೆಯಲ್ಲ" ಅಂತ ಹೋಗುತ್ತೀರಿ. ಅದು ತಿರಸ್ಕಾರವಾದರೆ ಬೇಸಿಕ್‌ಮೆಡ್ ಬಾಗಿಲೂ ಮುಚ್ಚಿತು. ಮತ್ತೆ ಎಫ್‌ಎಎಯಿಂದ ಮೆಡಿಕಲ್ ಪಡೆಯುವವರೆಗೆ ತೆರೆಯುವುದಿಲ್ಲ. ಆದ್ದರಿಂದ ಬೇಸಿಕ್‌ಮೆಡ್‌ಗೆ ಈಗಾಗಲೇ ಅರ್ಹರಿದ್ದು ಆರೋಗ್ಯದ ಬಗ್ಗೆ ಅನುಮಾನ ಇದ್ದರೆ, ಹೊಸ ಅರ್ಜಿಯ ಗೊಡವೆಗೆ ಹೋಗಬೇಡಿ. ಹೊಸಬರಾದರೆ, ಆನ್‌ಲೈನ್ ಅರ್ಜಿ ತುಂಬುವ ಮೊದಲು ಒಬ್ಬ ಎಎಂಇ ಹತ್ತಿರ ಬರೀ ಸಲಹೆ ಕೇಳಿ. ಅರ್ಜಿ ಇಲ್ಲದ ಮಾತುಕತೆಗೆ ದಾಖಲೆ ಆಗುವುದಿಲ್ಲ.

ಹಂತ 2: ಆ ಕೆಲವು ಕಾಯಿಲೆಗಳ ಪಟ್ಟಿ ಓದಿ

ಕೆಲವು ಕಾಯಿಲೆ ಇದ್ದರೆ ನೇರವಾಗಿ ಬೇಸಿಕ್‌ಮೆಡ್‌ಗೆ ಬರುವ ಹಾಗಿಲ್ಲ. ಮೊದಲು ಎಫ್‌ಎಎಯಿಂದ ವಿಶೇಷ ಅನುಮತಿ ಪಡೆಯಬೇಕು. ಅಂದರೆ ವರದಿಗಳನ್ನೆಲ್ಲ ಕಳಿಸಿ, ಅವರು ನೋಡಿ, "ಈ ಷರತ್ತಿನ ಮೇಲೆ ಹಾರಬಹುದು" ಅಂತ ಕೊಡುವ ಮೆಡಿಕಲ್. ಕಾಯಿಲೆಗೆ ಒಂದು ಸಲ ಪಡೆದರೆ ಸಾಕು, ಆಮೇಲೆ ಬೇಸಿಕ್‌ಮೆಡ್‌ನಲ್ಲೇ ಮುಂದುವರಿಯಬಹುದು.

ಹೃದಯದ್ದು: ಹಾರ್ಟ್ ಅಟ್ಯಾಕ್ ಆಗಿದ್ದರೆ, ರಕ್ತನಾಳದ ಬ್ಲಾಕ್‌ಗೆ ಚಿಕಿತ್ಸೆ ಆಗಿದ್ದರೆ (ಸ್ಟೆಂಟ್, ಬೈಪಾಸ್ ಎಲ್ಲ ಇದರಲ್ಲೇ ಬರುತ್ತದೆ), ವಾಲ್ವ್ ಬದಲಾಯಿಸಿದ್ದರೆ, ಹೃದಯವನ್ನೇ ಕಸಿ ಮಾಡಿದ್ದರೆ.

ನರಕ್ಕೆ ಸಂಬಂಧಿಸಿದ್ದು: ಮೂರ್ಛೆ ರೋಗ, ಅಂದರೆ ನಾವು ಫಿಟ್ಸ್ ಅನ್ನುವುದು. ಕಾರಣ ಗೊತ್ತಾಗದೆ ಪ್ರಜ್ಞೆ ತಪ್ಪಿದ್ದು. ಕಾರಣ ಗೊತ್ತಾಗದೆ ಸ್ವಲ್ಪ ಹೊತ್ತು ಕೈಕಾಲು, ಮಾತು ಹಿಡಿತ ತಪ್ಪಿದ್ದು.

ಮನಸ್ಸಿಗೆ ಸಂಬಂಧಿಸಿದ್ದು: ಸೈಕೋಸಿಸ್, ಬೈಪೋಲಾರ್, ನಡವಳಿಕೆಯಲ್ಲಿ ಪದೇ ಪದೇ ಹೊರಗೆ ಕಾಣುವಷ್ಟು ತೀವ್ರವಾದ ವ್ಯಕ್ತಿತ್ವದ ದೋಷ, ಹಿಂದಿನ ಎರಡು ವರ್ಷದೊಳಗೆ ಕುಡಿತ ಅಥವಾ ಮಾದಕ ವಸ್ತುವಿನ ಚಟ.

ಬಿಪಿ, ಶುಗರ್ ಈ ಪಟ್ಟಿಯಲ್ಲಿ ಇಲ್ಲ ಅನ್ನುವುದನ್ನು ಗಮನಿಸಿ. ಅವು ನಿಮ್ಮ ಡಾಕ್ಟರ ತೀರ್ಮಾನಕ್ಕೆ ಬಿಟ್ಟದ್ದು. ಥರ್ಡ್ ಕ್ಲಾಸ್ ಮೆಡಿಕಲ್‌ನಲ್ಲಿ ಬಿಪಿ 155/95 ಮೀರಬಾರದು ಅಂತ ಒಂದು ಗೆರೆ ಇದೆ, ಬೇಸಿಕ್‌ಮೆಡ್‌ನಲ್ಲಿ ಹಾಗೆ ಅಂಕಿ ಹಾಕಿಲ್ಲ. ಹಿಡಿತದಲ್ಲಿದೆಯಾ, ಮಾತ್ರೆಯಿಂದ ತಲೆ ಸುತ್ತುತ್ತಾ, ಅದನ್ನು ಡಾಕ್ಟರ್ ನೋಡುತ್ತಾರೆ.

ಇಲ್ಲಿ ಇನ್ನೊಂದು ಮಾತು. "ಊರಲ್ಲಿ ಕಾಲೇಜು ದಿನದಲ್ಲಿ ಒಂದು ಸಲ ಬಿದ್ದಿದ್ದೆ, ಶಿವಮೊಗ್ಗದಲ್ಲಿ ಎರಡು ದಿನ ಆಸ್ಪತ್ರೆಯಲ್ಲಿದ್ದೆ. ಅದು ಅಮೆರಿಕದವರಿಗೆ ಹೇಗೆ ಗೊತ್ತಾಗುತ್ತೆ?" ಅಂತ ಕೇಳುವವರಿದ್ದಾರೆ. ದಯವಿಟ್ಟು ಮುಚ್ಚಿಡಬೇಡಿ. ಫಾರ್ಮ್‌ನಲ್ಲಿ ಆಸ್ಪತ್ರೆ ಸೇರಿದ್ದನ್ನು ಕೇಳುವಾಗ ಯಾವ ದೇಶ ಅಂತ ಬಿಟ್ಟುಬಿಡುವುದಿಲ್ಲ. ಗೊತ್ತಿದ್ದೂ ಸುಳ್ಳು ಬರೆಯುವುದು ಅಲ್ಲಿ ಫೆಡರಲ್ ಅಪರಾಧ. ಅದಕ್ಕಿಂತ ದೊಡ್ಡದು, ಪಕ್ಕದ ಸೀಟಿನಲ್ಲಿ ನಿಮ್ಮ ಹೆಂಡತಿ, ಹಿಂದೆ ಮಕ್ಕಳು ಕೂತಿರುತ್ತಾರೆ. ಕಾರಾದರೆ ರಸ್ತೆ ಬದಿಗೆ ನಿಲ್ಲಿಸಬಹುದು. ಮೇಲೆ ಹಾಗಾಗುವುದಿಲ್ಲ, ಅಲ್ವಾ?

ಎಷ್ಟೋ ಸಲ ಹಳೆಯ ಘಟನೆಗೆ ಸರಿಯಾದ ಕಾರಣ ಇರುತ್ತದೆ. ಜ್ವರ ನೆತ್ತಿಗೇರಿತ್ತು, ಉಪವಾಸ ಇದ್ದಿರಿ, ಮಂಗನ ಕಾಯಿಲೆ ಬಂದಿತ್ತು. ಹಳೆಯ ಡಿಸ್ಚಾರ್ಜ್ ಚೀಟಿ ಮನೆಯ ಟ್ರಂಕಿನಲ್ಲಿ ಇದ್ದರೆ ಅಪ್ಪ ಅಮ್ಮನ ಹತ್ತಿರ ಹೇಳಿ ಫೋಟೊ ತೆಗೆಸಿಕೊಳ್ಳಿ. ಮಂಗನ ಕಾಯಿಲೆ ಅಂದರೆ ಅಲ್ಲಿನ ಡಾಕ್ಟರಿಗೆ ಗೊತ್ತಾಗುವುದಿಲ್ಲ. ಕೆಎಫ್‌ಡಿ, 1957ರಲ್ಲಿ ನಮ್ಮ ಕ್ಯಾಸನೂರು ಕಾಡಿನಲ್ಲಿ ಕಂಡುಬಂದ, ಉಣುಗಿನಿಂದ ಹರಡುವ ವೈರಸ್ ಜ್ವರ ಅಂತ ಬಿಡಿಸಿ ಹೇಳಿ. ಅದರಲ್ಲಿ ಕೆಲವರಿಗೆ ಒಂದೆರಡು ವಾರ ಬಿಟ್ಟು ಮತ್ತೆ ಜ್ವರ ಬಂದು ತಲೆನೋವು, ಗೊಂದಲ ಆಗುವುದುಂಟು, ಅದನ್ನೂ ಹೇಳಿ.

ಹಂತ 3: ಫಾರ್ಮ್ ಇಳಿಸಿಕೊಂಡು ನಿಮ್ಮ ಭಾಗ ತುಂಬಿ

ಎಫ್‌ಎಎ ವೆಬ್‌ಸೈಟ್‌ನಲ್ಲಿ 8700-2 ಅನ್ನುವ ನಂಬರಿನ ಫಾರ್ಮ್ ಇದೆ. ವೈದ್ಯಕೀಯ ಪರೀಕ್ಷೆಯ ಚೆಕ್‌ಲಿಸ್ಟ್ ಇದೇ. ಮೊದಲ ಭಾಗ ನೀವು ತುಂಬಬೇಕು, ಪರೀಕ್ಷೆಯ ಭಾಗ ಡಾಕ್ಟರ್ ತುಂಬಬೇಕು.

ನಿಮ್ಮ ಭಾಗದಲ್ಲಿ ಹೆಸರು ವಿಳಾಸ ಆದ ಮೇಲೆ ಔಷಧಿ, ಹಳೆಯ ಕಾಯಿಲೆ, ಆಪರೇಷನ್, ಡಾಕ್ಟರ ಭೇಟಿ, ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದಿದ್ದರೆ ಅದು, ಹೀಗೆ ಸಾಲಾಗಿ ಇರುತ್ತದೆ. ನಮ್ಮವರು ಎಡವುವುದು ಔಷಧಿಯ ಸಾಲಿನಲ್ಲಿ. ಅಲ್ಲಿ ಕೇಳುವುದು ಡಾಕ್ಟರ್ ಬರೆದುಕೊಟ್ಟದ್ದು ಮಾತ್ರ ಅಲ್ಲ, ಅಂಗಡಿಯಿಂದ ತಂದು ನೀವೇ ನುಂಗುವುದೂ ಸೇರಿತು. ನಮ್ಮ ಸೂಟ್‌ಕೇಸ್ ಗೊತ್ತಲ್ಲ? ಅಪ್ಪೆಮಿಡಿ ಉಪ್ಪಿನಕಾಯಿ, ಚಟ್ನಿ ಪುಡಿ, ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಊರಿನ ಮೆಡಿಕಲ್ ಶಾಪಿನ ಮಾತ್ರೆಗಳು. ಅದರಲ್ಲಿ ಸೆಟ್ರಿಜಿನ್ ಇದ್ದೇ ಇರುತ್ತದೆ. ಮೂಗು ಸೋರಿದರೆ ಒಂದು, ಧೂಳಿಗೆ ಸೀನು ಬಂದರೆ ಒಂದು. ಸೆಟ್ರಿಜಿನ್ ಮಂಪರು ತರುವ ಔಷಧಿ, ಅದನ್ನು ತೆಗೆದುಕೊಂಡು ಹಾರಬಾರದು ಅಂತಲೇ ಎಫ್‌ಎಎ ಹೇಳುತ್ತದೆ. ಅಲರ್ಜಿಗೆ ಲೊರಾಟಡಿನ್, ಫೆಕ್ಸೊಫೆನಡಿನ್ ಥರದವು ಮಂಪರು ತಾರದಿದ್ದರೆ ಆಗುತ್ತದೆ. ಯಾವುದು ನಿಮಗೆ ಸರಿ ಅಂತ ಡಾಕ್ಟರ್ ಹತ್ತಿರವೇ ಕೇಳಿ.

ದಿನಾ ತೆಗೆದುಕೊಳ್ಳುವ ಚೂರ್ಣ, ಲೇಹ್ಯ, ಅರಿಷ್ಟ ಇದ್ದರೆ ಅದನ್ನೂ ಬರೆಯಿರಿ. ಬಾಟಲಿಯ ಮೇಲಿನ ಚೀಟಿ ತೋರಿಸಿ. ಅರಿಷ್ಟ ಆಸವಗಳಲ್ಲಿ ಆಲ್ಕೋಹಾಲ್ ಇರುತ್ತದೆ. ಹಾರುವ ಮುಂಚಿನ ಎಂಟು ಗಂಟೆ ಆಲ್ಕೋಹಾಲ್ ಕೂಡದು ಅನ್ನುವುದು ಎಲ್ಲ ಪೈಲಟ್‌ಗಳಿಗೂ ಇರುವ ನಿಯಮ.

ಹಂತ 4: ಡಾಕ್ಟರನ್ನು ಒಪ್ಪಿಸಿ, ಪರೀಕ್ಷೆ ಮಾಡಿಸಿ

ಪರೀಕ್ಷೆ ಮಾಡುವವರು ಅಮೆರಿಕದ ಯಾವುದಾದರೂ ರಾಜ್ಯದ ಲೈಸೆನ್ಸ್ ಇರುವ ವೈದ್ಯರೇ ಆಗಿರಬೇಕು. ನರ್ಸ್ ಪ್ರಾಕ್ಟೀಷನರ್ ಸಹಿ ನಡೆಯುವುದಿಲ್ಲ. ರಜೆಗೆ ಬಂದಾಗ "ನಮ್ಮ ಶಿವಮೊಗ್ಗದ ಡಾಕ್ಟರು ಚೆನ್ನಾಗಿ ನೋಡುತ್ತಾರೆ, ಚಿಕ್ಕಂದಿನಿಂದ ಪರಿಚಯ, ಅವರ ಹತ್ತಿರವೇ ಸಹಿ ಹಾಕಿಸಿಕೊಂಡು ಹೋಗುತ್ತೇನೆ" ಅಂದವರನ್ನು ನಾನು ಕಂಡಿದ್ದೇನೆ. ಡಾಕ್ಟರು ಎಷ್ಟೇ ದೊಡ್ಡವರಿರಲಿ, ಅಮೆರಿಕದ ರಾಜ್ಯದ ಲೈಸೆನ್ಸ್ ನಂಬರ್ ಇಲ್ಲದಿದ್ದರೆ ಮುಂದಿನ ಹಂತವೇ ತುಂಬಲು ಬರುವುದಿಲ್ಲ.

ಅಲ್ಲಿನ ಫ್ಯಾಮಿಲಿ ಡಾಕ್ಟರುಗಳಲ್ಲಿ ಕೆಲವರು ಸಹಿ ಹಾಕಲು ಹಿಂಜರಿಯುತ್ತಾರೆ. ವಿಮಾನ ಅಂದ ಕೂಡಲೇ ನಾಳೆ ಏನಾದರೂ ಆದರೆ ಕೋರ್ಟಿಗೆ ಎಳೆಯುತ್ತಾರೇನೋ ಅನ್ನುವ ಭಯ. ಆದ್ದರಿಂದ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ವಿಷಯ ಹೇಳಿ, ಫಾರ್ಮ್ ಮುಂಚೆಯೇ ಕಳಿಸಿ. ಅದರಲ್ಲಿ ಡಾಕ್ಟರಿಗೆಂದೇ ಸೂಚನೆ ಇದೆ. ಕೊನೆಯಲ್ಲಿ ಅವರು ಸಹಿ ಹಾಕುವುದು ಇಷ್ಟಕ್ಕೆ: ಪಟ್ಟಿಯಲ್ಲಿದ್ದದ್ದೆಲ್ಲ ಪರೀಕ್ಷಿಸಿದ್ದೇನೆ, ಔಷಧಿಗಳ ಬಗ್ಗೆ ಇವರ ಜೊತೆ ಮಾತಾಡಿದ್ದೇನೆ, ಈಗಿನ ಚಿಕಿತ್ಸೆಯಲ್ಲಿ ಸುರಕ್ಷಿತವಾಗಿ ಹಾರಿಸಲು ಅಡ್ಡಿಯಾಗುವ ಕಾಯಿಲೆ ನನಗೆ ತಿಳಿದಂತೆ ಇಲ್ಲ.

ಪರೀಕ್ಷೆ ತಲೆಯಿಂದ ಕಾಲಿನವರೆಗೆ ನಡೆಯುತ್ತದೆ. ಕಣ್ಣು, ಕಿವಿ, ಮೂಗು, ಗಂಟಲು, ಶ್ವಾಸಕೋಶ, ಹೃದಯ, ಹೊಟ್ಟೆ, ಚರ್ಮ, ಬೆನ್ನುಮೂಳೆ, ಕೈಕಾಲು, ನರ, ಮನಸ್ಸು. ದೂರದ ದೃಷ್ಟಿ, ಹತ್ತಿರದ ದೃಷ್ಟಿ, ಬಣ್ಣ ಗುರುತಿಸುವುದು, ಕೇಳುವ ಶಕ್ತಿ, ಬಿಪಿ, ನಾಡಿ. ಸಾಲು ಸಾಲಾಗಿ ಗುರುತು ಹಾಕುತ್ತಾ ಹೋಗುತ್ತಾರೆ. ಸಹಿ ಆದ ಮೇಲೆ ಅಲ್ಲೇ ನಿಂತು ನೋಡಿಕೊಳ್ಳಿ. ಡಾಕ್ಟರ ಪೂರ್ತಿ ಹೆಸರು, ವಿಳಾಸ, ಫೋನ್, ಲೈಸೆನ್ಸ್ ನಂಬರ್, ಯಾವ ರಾಜ್ಯದ್ದು, ಪರೀಕ್ಷೆಯ ದಿನಾಂಕ. ಒಂದು ಬಿಟ್ಟುಹೋದರೂ ಮತ್ತೆ ಕ್ಲಿನಿಕ್‌ಗೆ ಅಲೆಯಬೇಕು.

ಎಲ್ಲೂ ಡಾಕ್ಟರ್ ಒಪ್ಪದಿದ್ದರೆ ಎಎಂಇ ಹತ್ತಿರವೇ ಹೋಗಬಹುದು, ಅವರೂ ರಾಜ್ಯದ ಲೈಸೆನ್ಸ್ ಇರುವ ವೈದ್ಯರೇ ತಾನೇ. ಆದರೆ ಬಾಗಿಲಲ್ಲೇ ಸ್ಪಷ್ಟವಾಗಿ ಹೇಳಿ: "ನಾನು ಬಂದದ್ದು ಬೇಸಿಕ್‌ಮೆಡ್‌ಗೆ, ಥರ್ಡ್ ಕ್ಲಾಸ್‌ಗೆ ಅಲ್ಲ." ಆನ್‌ಲೈನ್ ಮೆಡಿಕಲ್ ಅರ್ಜಿಯ ನಂಬರ್ ಕೊಡಬೇಡಿ.

ಹಂತ 5: ಆನ್‌ಲೈನ್ ಪಾಠ ಮುಗಿಸಿ

ಪರೀಕ್ಷೆ ಆದ ಮೇಲೆಯೇ ಪಾಠ, ಯಾಕೆಂದರೆ ಪಾಠದ ಕೊನೆಯಲ್ಲಿ ಡಾಕ್ಟರ ವಿವರ ತುಂಬಬೇಕು. ಅಲ್ಲಿನ ಪೈಲಟ್‌ಗಳ ಸಂಘ ಎಒಪಿಎ ಇದನ್ನು ಉಚಿತವಾಗಿ ಕೊಡುತ್ತದೆ, ಸದಸ್ಯರಾಗಿರಬೇಕಿಲ್ಲ. ಪಾಠ ಓದಿ, ಪ್ರಶ್ನೆಗಳಿಗೆ ಉತ್ತರಿಸಿ, ಕೆಲವು ಹೇಳಿಕೆಗಳಿಗೆ ಒಪ್ಪಿಗೆ ಕೊಟ್ಟರೆ ಸರ್ಟಿಫಿಕೇಟ್ ಬರುತ್ತದೆ. ನಿಮ್ಮ ಡ್ರೈವಿಂಗ್ ದಾಖಲೆಯನ್ನು ನೋಡಲು ಎಫ್‌ಎಎಗೆ ಒಪ್ಪಿಗೆ ಕೊಡುವುದೂ ಅದರಲ್ಲಿದೆ. ಓದದೆ ಒತ್ತಬೇಡಿ.

ಡಾಕ್ಟರ್ ತುಂಬಿದ ಚೆಕ್‌ಲಿಸ್ಟ್ ಎಫ್‌ಎಎಗೆ ಹೋಗುವುದಿಲ್ಲ. ಅದು ನಿಮ್ಮ ಲಾಗ್‌ಬುಕ್ (ಹಾರಾಟದ ಲೆಕ್ಕ ಬರೆದಿಡುವ ಪುಸ್ತಕ) ಜೊತೆ ಇರಬೇಕು, ಕೇಳಿದರೆ ತೋರಿಸಬೇಕು. ಸ್ಕ್ಯಾನ್ ಮಾಡಿ ಇಟ್ಟುಕೊಂಡರೂ ನಡೆಯುತ್ತದೆ. ಹಾರುವಾಗ ಜೇಬಿನಲ್ಲಿ ಇರಲೇಬೇಕಾದದ್ದು ಪೈಲಟ್ ಸರ್ಟಿಫಿಕೇಟ್ ಮತ್ತು ಡ್ರೈವಿಂಗ್ ಲೈಸೆನ್ಸ್.

ಹಂತ 6: ದಿನಾಂಕ ಎರಡು, ಲೆಕ್ಕವೂ ಎರಡು

ಪಾಠ 24 ತಿಂಗಳಿಗೊಮ್ಮೆ, ಡಾಕ್ಟರ ಪರೀಕ್ಷೆ 48 ತಿಂಗಳಿಗೊಮ್ಮೆ. ಪಾಠದ ಲೆಕ್ಕ ತಿಂಗಳ ಕೊನೆಯವರೆಗೆ ಹೋಗುತ್ತದೆ, ಪರೀಕ್ಷೆಯ ಲೆಕ್ಕ ದಿನಕ್ಕೆ ದಿನ. ಎರಡನ್ನೂ 2025ರ ಮಾರ್ಚ್ 10ರಂದು ಮಾಡಿದಿರಿ ಅಂದುಕೊಳ್ಳಿ. ಪಾಠ 2027ರ ಮಾರ್ಚ್ 31ರವರೆಗೆ ನಡೆಯುತ್ತದೆ. ಪರೀಕ್ಷೆ 2029ರ ಮಾರ್ಚ್ 10ಕ್ಕೆ ಮುಗಿಯಿತು, ತಿಂಗಳ ಕೊನೆವರೆಗೆ ಕಾಯುವುದಿಲ್ಲ. "31ರವರೆಗೆ ಇದೆಯಲ್ಲ" ಅಂತ 20ನೇ ತಾರೀಖು ಹಾರಿದರೆ ಅದು ನಿಯಮ ಮುರಿದ ಹಾಗೆ.

ಏನು ಹಾರಿಸಬಹುದು, ಏನು ಆಗದು

2024ರಲ್ಲಿ ಬಂದ ಹೊಸ ಕಾನೂನಿನಿಂದ ಮಿತಿಗಳು ದೊಡ್ಡದಾದವು, 2024ರ ನವೆಂಬರ್ 12ರಿಂದ ಜಾರಿ. ಮೊದಲು 6 ಜನರ ವಿಮಾನ, 6,000 ಪೌಂಡ್ ಇತ್ತು. ಈಗ ಪೈಲಟ್ ಸೇರಿ 7 ಜನ, 12,500 ಪೌಂಡ್, ಅಂದರೆ ಸುಮಾರು 5,670 ಕೆಜಿ. ಈ ತೂಕ ಆ ವಿಮಾನಕ್ಕೆ ಮಂಜೂರಾದ ಗರಿಷ್ಠ ಟೇಕಾಫ್ ತೂಕ, ಇವತ್ತು ನೀವು ಎಷ್ಟು ತುಂಬಿದ್ದೀರಿ ಅನ್ನುವುದಲ್ಲ. ಹೆಚ್ಚಿನವರು ಕಲಿಯುವ ಸೆಸ್ನಾ 172 ನಾಲ್ಕು ಸೀಟಿನದು, ಈ ಮಿತಿಯ ಹತ್ತಿರಕ್ಕೂ ಬರುವುದಿಲ್ಲ.

ಎತ್ತರ 18,000 ಅಡಿಯವರೆಗೆ. ನಮ್ಮ ಮುಳ್ಳಯ್ಯನಗಿರಿ 6,330 ಅಡಿ, ಅದರ ಮೇಲೆ ಇನ್ನೆರಡು ಮುಳ್ಳಯ್ಯನಗಿರಿ ಇಟ್ಟರೂ ಸ್ವಲ್ಪವೇ ದಾಟುತ್ತದೆ, ಅಷ್ಟು. ವೇಗ 250 ನಾಟ್, ಗಂಟೆಗೆ ಸುಮಾರು 463 ಕಿಲೋಮೀಟರ್. ರಾತ್ರಿ ಹಾರಬಹುದು. ತರಬೇತಿ ಇದ್ದರೆ ಮೋಡದೊಳಗೂ ಉಪಕರಣ ನೋಡಿಕೊಂಡು ಹಾರಬಹುದು. ಬಾಡಿಗೆಗೆ, ಸಂಬಳಕ್ಕೆ ಆಗದು. ಜೊತೆಗೆ ಬಂದವರು ಪೆಟ್ರೋಲ್ ಖರ್ಚನ್ನು ಸಮಪಾಲು ಹಂಚಿಕೊಳ್ಳುವುದಕ್ಕೆ ಅಡ್ಡಿಯಿಲ್ಲ.

ವಿಮಾನ ಬಾಡಿಗೆಗೆ ಪಡೆಯುವವರು ಆ ಕ್ಲಬ್ ಮತ್ತು ಇನ್ಶೂರೆನ್ಸ್ ಪಾಲಿಸಿ ಬೇಸಿಕ್‌ಮೆಡ್ ಒಪ್ಪುತ್ತವಾ ಅಂತ ಬರಹದಲ್ಲಿ ಕೇಳಿ. ಎಫ್‌ಎಎ ಒಪ್ಪಿದರೂ ಅವರು ಒಪ್ಪಲೇಬೇಕು ಅಂತಿಲ್ಲ.

ಇನ್ನೊಂದು, ಇದನ್ನು ಬೇಸಿಕ್‌ಮೆಡ್ ಜೊತೆ ಕಲಸಿಕೊಳ್ಳಬೇಡಿ. ಡಾಕ್ಟರ ಪರೀಕ್ಷೆಯೇ ಇಲ್ಲದೆ ಬರೀ ಡ್ರೈವಿಂಗ್ ಲೈಸೆನ್ಸ್ ಮೇಲೆ ಹಾರುವುದು ಸ್ಪೋರ್ಟ್ ಪೈಲಟ್ ನಿಯಮ. 2025ರ ಅಕ್ಟೋಬರ್ 22ರಿಂದ ಅದೂ ಹಿಗ್ಗಿದೆ, ನಾಲ್ಕು ಸೀಟಿನ ಕೆಲವು ವಿಮಾನಗಳೂ ಸೇರಿದವು. ಆದರೆ ನಿಮ್ಮ ಜೊತೆ ಒಬ್ಬರೇ ಬರಬಹುದು, ರಾತ್ರಿ ಹಾರಬೇಕಾದರೆ ಬೇಸಿಕ್‌ಮೆಡ್ ಅಥವಾ ಮೆಡಿಕಲ್ ಬೇಕೇ ಬೇಕು. "ಡ್ರೈವಿಂಗ್ ಲೈಸೆನ್ಸ್ ಸಾಕಂತೆ" ಅನ್ನುವ ಮಾತು ಹುಟ್ಟಿದ್ದು ಇಲ್ಲಿಂದಲೇ.

ಕಾಗದ ಎಲ್ಲ ಇದ್ದರೂ ಹಾರುವ ಆ ದಿನ ನೀವು ಸರಿಯಿರಬೇಕು. ಜ್ವರ, ಕಿವಿ ಕಟ್ಟಿದೆ, ಹೊಸ ಮಾತ್ರೆ ಶುರುವಾಗಿದೆ ಅಂದರೆ ಹಾರಬಾರದು ಅಂತ ನಿಯಮವೇ ಇದೆ. ಎಎಂಇ ಕೊಟ್ಟ ಮೆಡಿಕಲ್ ಇದ್ದವರಿಗೂ ಇದು ಒಂದೇ.

ಊರಲ್ಲಿರುವವರಿಗೆ

ಬೇಸಿಕ್‌ಮೆಡ್ ಅಂತರರಾಷ್ಟ್ರೀಯ ಮಾನದಂಡಕ್ಕೆ ಹೊಂದುವ ಮೆಡಿಕಲ್ ಅಲ್ಲ. ಮೆಕ್ಸಿಕೊ, ಬಹಾಮಾಸ್ ಒಪ್ಪುತ್ತವೆ. ಭಾರತದಲ್ಲಿ ಅದನ್ನು ಹಿಡಿದುಕೊಂಡು ಹಾರಲು ಆಗುವುದಿಲ್ಲ. ಇಲ್ಲಿ ಕಲಿಯಲು, ಖಾಸಗಿಯಾಗಿ ಹಾರಿಸಲು ಡಿಜಿಸಿಎ ಕ್ಲಾಸ್ 2 ಮೆಡಿಕಲ್ ಬೇಕು. ಅದನ್ನು ಡಿಜಿಸಿಎ ಪಟ್ಟಿಯಲ್ಲಿರುವ ಡಾಕ್ಟರೇ ಮಾಡಬೇಕು, ಊರಿನ ಯಾವ ಎಂಬಿಬಿಎಸ್ ಸರ್ಟಿಫಿಕೇಟೂ ಆಗುವುದಿಲ್ಲ.

ಮಗನನ್ನೋ ಮಗಳನ್ನೋ ಪೈಲಟ್ ಕೆಲಸಕ್ಕೆ ಓದಿಸಬೇಕು ಅನ್ನುವ ಅಪ್ಪ ಅಮ್ಮಂದಿರೂ ನನ್ನನ್ನು ಕೇಳುತ್ತಾರೆ. ಅವರಿಗೆ ಬೇಸಿಕ್‌ಮೆಡ್‌ನಿಂದ ಪ್ರಯೋಜನವಿಲ್ಲ, ಅದು ಸಂಬಳದ ಕೆಲಸಕ್ಕೆ ಬರುವುದಿಲ್ಲ. ಇಲ್ಲಿ ಮೊದಲು ಕ್ಲಾಸ್ 2, ಆಮೇಲೆ ಕ್ಲಾಸ್ 1. ಅಡಿಕೆ ತೋಟದ ಮೇಲೆ ಸಾಲ ತೆಗೆಯುವ ಮುಂಚೆ, ಯಾವ ಶಾಲೆಗೂ ಮುಂಗಡ ಕಟ್ಟುವ ಮುಂಚೆ, ಕ್ಲಾಸ್ 1 ಸರ್ಟಿಫಿಕೇಟ್ ಕೈಗೆ ಬಂದಿರಲಿ. ಬಣ್ಣ ಗುರುತಿಸುವ ಪರೀಕ್ಷೆ, ಅದೇ ಚುಕ್ಕಿಗಳ ನಡುವೆ ಅಂಕಿ ಓದಿಸುವ ಪುಸ್ತಕ, ಅದನ್ನು ಶಿವಮೊಗ್ಗದ ಯಾವುದಾದರೂ ಕಣ್ಣಿನ ಡಾಕ್ಟರ್ ಹತ್ತಿರ ಈ ವಾರವೇ ಮಾಡಿಸಿ ನೋಡಬಹುದು. ಬಣ್ಣದ ದೋಷ ಹುಟ್ಟಿನಿಂದಲೇ ಇರುತ್ತದೆ, ಮಕ್ಕಳಿಗೆ ತಮಗಿದೆ ಅಂತಲೇ ಗೊತ್ತಿರುವುದಿಲ್ಲ.